ಮೂರು ಖಾಲಿ ಓಟಗಳು

ಮಾರ್ಚ್ 4, ಮಂಗಳವಾರ

ಮೂಳೆ ಡಾಕ್ಟರು ಹೋದ ತಿಂಗಳೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ‘ನೋಡೋಣ’, ‘ರಿಪೋರ್ಟು ಬರಲಿ’. ಇವತ್ತು ರಿಪೋರ್ಟು ಬಂತು, ಅವರು ನೋಡಿಯೂ ಆಯಿತು. ಅಕ್ಕನ ಎಡಗಾಲಿನ ಮೂಳೆಯಲ್ಲಿರುವುದು ಕೆಟ್ಟ ಗಡ್ಡೆ. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕು. ತಾರೀಖು 27.

ನನಗೆ ಕೈಕಾಲೇ ಆಡಲಿಲ್ಲ. ಹೀಗೆ ಬರೆಯುವುದಕ್ಕೂ ಈಗ ನಾಚಿಕೆಯಾಗುತ್ತಿದೆ, ನನ್ನವು ನಾಲ್ಕೂ ನೆಟ್ಟಗಿವೆ. ಅಕ್ಕ ಮಾತ್ರ ಗಿರಾಕಿಯ ಹತ್ತಿರ ಅಳತೆ ಕೇಳುವವಳ ಹಾಗೆ ಕೇಳಿದಳು:

“ಅಲ್ಲೀತನಕ ನಡೀಬಹುದಾ ಡಾಕ್ಟ್ರೇ?”

“ಕೋಲು ಹಿಡ್ಕೊಂಡು ನಡೀರಿ. ಆದ್ರೆ ಬೀಳಬಾರದು. ಬಿದ್ದು ಮೂಳೆ ಮುರೀತು ಅಂದ್ರೆ ಮೊಣಕಾಲು ಉಳಿಸೋದು ನನ್ನ ಕೈಲಿರಲ್ಲ.”

ಬಸ್ಸಿನಲ್ಲಿ ಬರುವಾಗ ಅಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು. ಅಳುತ್ತಿದ್ದಾಳೇನೋ ಎಂದು ಬಗ್ಗಿ ನೋಡಿದರೆ ಅಂಗಡಿಗಳ ಬೋರ್ಡು ಓದುತ್ತಿದ್ದಳು. ಆಮೇಲೆ ಹೇಳಿದಳು, “ಎರಡು ಕಾಲಿರೋವಾಗ ಒಂದು ದಿನ ಪೂರ್ತಿ ಸುತ್ತಬೇಕು ಕಣೆ. ಬಟ್ಟೆ ಬೀದಿ, ಗುಂಡಿ ಓಣಿ, ಹಳೇ ಸೇತುವೆ, ಅದರಾಚೆ ತಿಂಡಿ ಸಾಲು. ಅಂಗಡಿ ಅಂಗಡಿ ಹತ್ತಿ ಇಳೀಬೇಕು, ಕಂಡಿದ್ದು ತಿನ್ನಬೇಕು. ನೀನೇ ಕರ್ಕೊಂಡು ಹೋಗು.”

ಆಗಲಿ ಎಂದೆ. ಬೇರೇನು ಹೇಳಲಿ? ಅಮ್ಮ ಹೋದಾಗ ನನಗೆ ಒಂಬತ್ತು, ಅವಳಿಗೆ ಇಪ್ಪತ್ತು. ಹೊಲಿಗೆ ಮಿಷನ್ ತುಳಿದು ನನ್ನನ್ನು ಓದಿಸಿದಳು. ಈಗ ನನಗೆ ನಲವತ್ತಾರು, ಇಪ್ಪತ್ತೆರಡು ವರ್ಷದಿಂದ ಸಿಟಿ ಬಸ್ಸುಗಳ ವೇಳಾಪಟ್ಟಿ ಬರೆಯುತ್ತಿದ್ದೇನೆ. ನಾನು ಹೇಳಿದ ಹೊತ್ತಿಗೆ ನಾನೂರು ಬಸ್ಸು ಹೊರಡುತ್ತವೆ. ಒಬ್ಬ ಅಕ್ಕನನ್ನು ಒಂದು ದಿನ ಓಡಾಡಿಸಲು ನನ್ನಿಂದ ಆಗುವುದಿಲ್ಲವೇ.

ಮಾರ್ಚ್ 5, ಬುಧವಾರ

ಊಟವಾದ ಮೇಲೆ ಕಾಗದ ಹರಡಿಕೊಂಡು ಕೂತೆವು. ಅಕ್ಕ ಹೇಳುವುದು, ನಾನು ಬರೆಯುವುದು.

ಬಟ್ಟೆ ಬೀದಿಯಲ್ಲಿ ಮಖಮಲ್ಲು. “ಕೊಳ್ಳೋಕಲ್ಲ, ಮುಟ್ಟೋಕೆ. ಮೂವತ್ತೇಳು ವರ್ಷ ಸ್ಕೂಲ್ ಮಕ್ಕಳ ಸಮವಸ್ತ್ರ ಹೊಲಿದೂ ಹೊಲಿದೂ ನನ್ನ ಬೆರಳಿಗೆ ಒರಟು ಬಟ್ಟೆ ಬಿಟ್ಟು ಬೇರೆ ಗೊತ್ತೇ ಇಲ್ಲ.” ಗುಂಡಿ ಓಣಿಯಲ್ಲಿ ಅಂಗಿಗೆ ಹೊಲಿಯುವ ಗಾಜಿನ ಗುಂಡಿ. ಸೇತುವೆಯ ನಡುವೆ ನಿಂತು ನೀರು ನೋಡುವುದು. ಸೇತುವೆ ಇಳಿದ ಕೂಡಲೇ ಹೊಲಿಗೆ ಮಿಷನ್ ಸಾಮಾನಿನ ಅಂಗಡಿ. ತಿಂಡಿ ಸಾಲಿನಲ್ಲಿ ಬಾಣಲೆಯಿಂದ ಆಗತಾನೇ ತೆಗೆದ ಮೀನು, ನಿಂತುಕೊಂಡೇ ತಿನ್ನಬೇಕಂತೆ.

ಮಿಷನ್ ಸಾಮಾನಿನ ಅಂಗಡಿಯನ್ನು ಆಮೇಲೆ ನಾನೇ ಮೆಲ್ಲಗೆ ಹೊಡೆದುಹಾಕಿದೆ. ಇನ್ನು ತುಳಿಯುವುದು ಎಲ್ಲಿಂದ ಬಂತು? ನೋಡಿದರೆ ಸುಮ್ಮನೆ ಗಾಯದ ಮೇಲೆ ಬರೆ. ಅವಳಿಗೆ ಹೇಳಲಿಲ್ಲ.

ಮನೆಯಿಂದ ಮನೆಗೆ ಮೂರೂವರೆ ಗಂಟೆ, ನಡುವೆ ಐದು ಕಡೆ ವಿಶ್ರಾಂತಿ ಎಂದು ಲೆಕ್ಕ ಹಾಕಿದೆ. ಅಕ್ಕ ಈ ಭಾನುವಾರವೇ ಹೊರಡೋಣ ಎಂದಳು. ನಾನು ಒಪ್ಪಲಿಲ್ಲ. ನಮ್ಮ ಕಚೇರಿಯಲ್ಲಿ ಹೊಸ ಮಾರ್ಗಕ್ಕೆ ಒಂದು ನಿಯಮವಿದೆ. ಪ್ರಯಾಣಿಕರನ್ನು ಹತ್ತಿಸುವ ಮುಂಚೆ ಬಸ್ಸನ್ನು ಮೂರು ಸಲ ಖಾಲಿ ಓಡಿಸಿ ಸಮಯ ಹಿಡಿಯಬೇಕು. ಒಂದು ಓಟ ಕೆಟ್ಟರೂ ಮತ್ತೆ ಒಂದರಿಂದ ಎಣಿಕೆ. ಹಿಂದೊಮ್ಮೆ ಹಾಗೇ ಬಿಟ್ಟ ಬಸ್ಸು ತಗ್ಗು ಕಮಾನಿನ ಕೆಳಗೆ ಸಿಕ್ಕಿಕೊಂಡು, ಮದುವೆಗೆ ಹೊರಟಿದ್ದ ಗಂಡು ಕಿಟಕಿಯಿಂದ ಹಾರಬೇಕಾಯಿತು. ಆಮೇಲೆ ಆ ನಿಯಮ ಬರೆದವಳು ನಾನೇ.

“ನಾನೇನು ಬಸ್ಸಾ?” ಎಂದಳು ಅಕ್ಕ.

“ಬಸ್ಸಿನ ಚಕ್ರ ಬದಲಾಯಿಸಬಹುದು” ಎಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕ ನಕ್ಕಳು. ಎಷ್ಟು ನಕ್ಕಳೆಂದರೆ ಮೇಲಿನ ಮನೆಯ ರೇಡಿಯೋ ಮೆಟ್ಟಿಲಿಳಿದು ಬಂದು ಏನಾಯ್ತು ಎಂದು ಕೇಳಿದಳು. ರೇಡಿಯೋ ಎನ್ನುವುದು ನಾನಿಟ್ಟ ಹೆಸರು. ಮೂಲೆಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಅವಳದು, ಕತ್ತರಿಗಿಂತ ಬಾಯಿಯೇ ಹೆಚ್ಚು ಓಡುತ್ತದೆ. ಅವಳೂ ಅಕ್ಕನನ್ನು ‘ಅಕ್ಕಾ’ ಎನ್ನುತ್ತಾಳೆ. ಕೇಳಿದಾಗಲೆಲ್ಲ ನನ್ನ ವಸ್ತು ಯಾರೋ ಎತ್ತಿಕೊಂಡ ಹಾಗಾಗುತ್ತದೆ.

ಮಾರ್ಚ್ 8, ಶನಿವಾರ

ಮೊದಲ ಖಾಲಿ ಓಟ. ಬೆಳಗ್ಗೆ ಒಂಬತ್ತಕ್ಕೆ ಕಚೇರಿಯ ಸ್ಟಾಪ್‌ವಾಚು ಒತ್ತಿಕೊಂಡು ಹೊರಟೆ.

ಇಷ್ಟು ವರ್ಷ ಈ ಬೀದಿಗಳಲ್ಲಿ ಬಸ್ಸು ಓಡಿಸಿದ್ದೇನೆ, ನೆಲ ನೋಡಿರಲಿಲ್ಲ. ಬಟ್ಟೆ ಬೀದಿಯಲ್ಲಿ ಕಲ್ಲುಹಾಸು ಎದ್ದು ಕೂತಿದೆ. ಅಂಗಡಿಯವರು ಬೆಳಗ್ಗೆ ಬಾಗಿಲು ತೊಳೆದ ನೀರು ಹತ್ತೂವರೆಯವರೆಗೂ ಆರುವುದಿಲ್ಲ. ಗುಂಡಿ ಓಣಿಯಲ್ಲಿ ಕೂರಲು ಒಂದೇ ಬೆಂಚು, ಅದಕ್ಕೂ ಒಂದು ಕಾಲಿಲ್ಲ. ಶೌಚಾಲಯ ಇರುವುದು ಗಡಿಯಾರದ ಕಂಬದ ಹತ್ತಿರ ಮಾತ್ರ. ಹಳೇ ಸೇತುವೆಗೆ ಇಪ್ಪತ್ತೆರಡು ಮೆಟ್ಟಿಲು, ಕಂಬಿ ಬಲಗಡೆ ಮಾತ್ರ. ಅಕ್ಕ ಕೋಲು ಹಿಡಿಯುವುದೂ ಬಲಗೈಯಲ್ಲಿ. ಹಾಗಾದರೆ ಕಂಬಿ ಹಿಡಿಯುವುದು ಯಾವ ಕೈಯಲ್ಲಿ?

ತಿಂಡಿ ಸಾಲಿನಲ್ಲಿ ಮೂರು ಅಂಗಡಿ ಪರೀಕ್ಷೆ ಮಾಡಿದೆ. ಆಸ್ಪತ್ರೆಗೆ ಸೇರುವ ಮುಂಚೆ ಹೊಟ್ಟೆ ಕೆಟ್ಟರೆ ಗತಿ ಏನು? ಮೀನು ತಿಂದೆ, ಸುಟ್ಟ ಜೋಳ ತಿಂದೆ, ಜೇನು ಸುರಿದ ಬನ್ನು ತಿಂದೆ. ಮೂರೂ ಪರವಾಗಿಲ್ಲ.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. “ಮೀನು ಹೇಗಿತ್ತು?”

“ಎಣ್ಣೆ ಜಾಸ್ತಿ.”

“ರುಚಿ ಕೇಳಿದೆ ಕಣೆ, ಎಣ್ಣೆ ಅಲ್ಲ.”

ನೆನಪಿಸಿಕೊಂಡೆ. ನಿಜವಾಗಿ ರುಚಿ ಗಮನಿಸಿರಲಿಲ್ಲ. ಚೆನ್ನಾಗಿತ್ತು ಎಂದೆ. ಅವಳು, “ಮಖಮಲ್ಲು?” ಎಂದಳು. ನೀರು ಆರುತ್ತದೋ ಇಲ್ಲವೋ ಎಂದು ನೋಡುತ್ತಾ ನಿಂತಿದ್ದೆ, ಅಂಗಡಿಯ ಒಳಗೆ ಹೋಗಲೇ ಇಲ್ಲ ಎಂದೆ.

ಓಟ ಕೆಟ್ಟಿದೆ. ಬಟ್ಟೆ ಬೀದಿಯನ್ನು ಪಟ್ಟಿಯಿಂದ ತೆಗೆಯಬೇಕು.

ಮಾರ್ಚ್ 9, ಭಾನುವಾರ

ಹೊರಗೆ ಎಳೆಬಿಸಿಲು, ಗಾಳಿ ಇಲ್ಲ, ನಡೆಯಲು ಹೇಳಿಮಾಡಿಸಿದ ದಿನ. ಅಕ್ಕ ಕಿಟಕಿಯ ಹತ್ತಿರ ಕೂತು ಯಾರದೋ ಮಗುವಿನ ನಿಕ್ಕರಿಗೆ ಅಂಚು ಹೊಲಿದಳು. ನಾನು ಪಟ್ಟಿಯನ್ನು ಹೊಸದಾಗಿ ಬರೆದೆ. ಈಗ ಎರಡೂ ಮುಕ್ಕಾಲು ಗಂಟೆ.

ಮಾರ್ಚ್ 12, ಬುಧವಾರ

ಕಚೇರಿಯಲ್ಲಿ ಕೆಲಸದ ನಡುವೆ ಸೇತುವೆಯ ಮೆಟ್ಟಿಲಿನ ಚಿತ್ರ ಬರೆಯುತ್ತಾ ಕೂತಿದ್ದೆ. ನಮ್ಮ ಖಾಲಿ ಓಟಗಳ ಚಾಲಕ ಸಹಿ ಹಾಕಲು ಬಂದವರು ಬಗ್ಗಿ ನೋಡಿದರು. ಡಿಪೋದಲ್ಲಿ ಅವರನ್ನು ಆಮೆ ಎನ್ನುತ್ತಾರೆ, ಎದುರಿಗೇ ಎನ್ನುತ್ತಾರೆ, ಅವರೂ ಓ ಎನ್ನುತ್ತಾರೆ.

“ಇದ್ಯಾವ ರೂಟು ಮೇಡಂ? ಬಸ್ಸು ಮೆಟ್ಟಿಲು ಹತ್ತುತ್ತಾ?”

ಹೇಳಿಬಿಟ್ಟೆ. ಇಷ್ಟು ದಿನ ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ, ಆಮೆಗೆ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಹೇಳಿದರು, “ಬೇಜಾರು ಮಾಡ್ಕೋಬೇಡಿ. ಖಾಲಿ ಬಸ್ಸು ಯಾವತ್ತೂ ಸರಿಯಾಗೇ ಓಡುತ್ತೆ. ಜನ ಹತ್ತಿದ ಮೇಲೆ ಅದು ಬೇರೇನೇ ಬಸ್ಸು. ಇಪ್ಪತ್ತು ವರ್ಷದಲ್ಲಿ ನಿಮ್ಮ ಟೈಮಿಗೆ ನಾನು ಒಂದು ದಿನಾನೂ ಮುಟ್ಟಿಲ್ಲ, ಆದ್ರೂ ಎಲ್ಲಾರನ್ನೂ ಮನೆ ಮುಟ್ಟಿಸಿದೀನಿ.”

ಆಮೆಯ ಬುದ್ಧಿವಾದ ಕೇಳುವ ಗತಿ ಬಂತು ನನಗೆ. ಆದರೆ ಒಂದು ವಿಷಯ ಹೊಳೆಯಿತು. ನಾನು ನನ್ನ ಕಾಲಿನಲ್ಲಿ ನಡೆದರೆ ಅಕ್ಕನ ಸಮಯ ಹೇಗೆ ಸಿಗುತ್ತದೆ? ಮುಂದಿನ ಓಟ ಕೋಲು ಹಿಡಿದು.

ಮಾರ್ಚ್ 15, ಶನಿವಾರ

ಎರಡನೆಯ ಖಾಲಿ ಓಟ. ಅಕ್ಕನ ಹಳೆಯ ಕೋಲು ಹಿಡಿದು, ಎಡಗಾಲಿನ ಮೇಲೆ ಭಾರ ಹಾಕದೆ ನಡೆದೆ. ಹತ್ತು ನಿಮಿಷಕ್ಕೆ ಬಲಸೊಂಟ ಹಿಡಿದುಕೊಂಡಿತು. ಗುಂಡಿ ಓಣಿಯಲ್ಲಿ ಒಬ್ಬ ಮುದುಕ ಅಂಗಡಿಯಿಂದ ಸ್ಟೂಲು ತಂದು ಕೊಟ್ಟು, “ಯಾವಾಗಿಂದಮ್ಮಾ ಹೀಗೆ?” ಎಂದ. ಎರಡು ವಾರದಿಂದ ಎಂದೆ. ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ನನಗೇ ತಿಳಿಯಲಿಲ್ಲ. ಸ್ಟೂಲಿನ ಮೇಲೆ ಕೂತು ಅಳು ಬಂತು. ಮುದುಕ ನನ್ನ ಕಾಲಿಗೆ ಮರುಗುತ್ತಾ ನೀರು ಕೊಟ್ಟ.

ಸೇತುವೆಯ ಬುಡದಲ್ಲಿ ನೀರಿನ ಪೈಪಿಗೆಂದು ರಸ್ತೆ ಅಗೆದಿದ್ದಾರೆ. ಮಣ್ಣಿನ ಗುಡ್ಡೆ, ಅದರ ಮೇಲೊಂದು ಹಲಗೆ. ಯಾವಾಗ ಮುಚ್ಚುತ್ತೀರಿ ಎಂದು ಕೇಳಿದರೆ ಅಗೆಯುವವನು ಗುಂಡಿಯೊಳಗಿನಿಂದಲೇ, “ಮೇಲಿನೋರನ್ನ ಕೇಳಿ” ಎಂದ. ಅವನಿಗೂ ಅವನ ಗುದ್ದಲಿಗೂ ಮನಸ್ಸಿನಲ್ಲೇ ಶಾಪ ಹಾಕಿದೆ. ಈ ಓಟವೂ ಕೆಟ್ಟಿತು.

ಸೇತುವೆ ಬಿಟ್ಟೆ. ಸೇತುವೆ ಬಿಟ್ಟರೆ ತಿಂಡಿ ಸಾಲೂ ಬಿಟ್ಟ ಹಾಗೆ. ಈಗ ಉಳಿದದ್ದು ಗುಂಡಿ ಓಣಿ, ಟ್ಯಾಕ್ಸಿಯಲ್ಲಿ ಬಾಗಿಲವರೆಗೆ. ನಲವತ್ತು ನಿಮಿಷ.

ಮಾರ್ಚ್ 16, ಭಾನುವಾರ

ಬೆಳಗ್ಗೆ ಎಂಟಕ್ಕೆ ಎದ್ದು ಬಂದರೆ ಅಕ್ಕ ತಲೆ ಬಾಚಿ, ಹಸಿರು ಶಾಲು ಹೊದ್ದು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹತ್ತಿರ ಕೂತಿದ್ದಾಳೆ. ಎಷ್ಟು ಹೊತ್ತಿನಿಂದ ಕೂತಿದ್ದಳೋ.

ಇವತ್ತು ಬೇಡ ಎಂದೆ. ಅಗೆತದ ಕಥೆ ಹೇಳಿದೆ, ಬೆಂಚಿನ ಕಥೆ ಹೇಳಿದೆ, ಕಂಬಿಯ ಕಥೆ ಹೇಳಿದೆ.

“ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ” ಎಂದಳು ಅಕ್ಕ. “ಇಲ್ಲಿ ಕುಣಿಯೋಳು ನಾನು, ನೆಲ ಡೊಂಕು ಅನ್ನೋಳು ನೀನು.”

“ಬಿದ್ರೆ?”

“ಬಿದ್ರೆ ಬೀಳ್ತೀನಿ.”

“ಮೊಣಕಾಲೂ ಹೋಗುತ್ತೆ ಅಂದ್ರಲ್ಲ! ಆಮೇಲೆ ಯಾರು…” ಅಲ್ಲಿಗೆ ನಿಲ್ಲಿಸಿದೆ. ಆಮೇಲೆ ಯಾರು ನೋಡಿಕೊಳ್ಳುವುದು ಎಂಬ ಮಾತು ಬಾಯಿಗೆ ಬಂದಿತ್ತು. ಅಕ್ಕನಿಗೆ ಅದು ಕೇಳಿಸಿತು, ನಾನು ಹೇಳದಿದ್ದರೂ ಕೇಳಿಸಿತು.

ಶಾಲು ಮಡಿಸಿದಳು. ಮೂಲೆಗೆ ಮೂಲೆ ಸೇರಿಸಿ ನಿಧಾನವಾಗಿ ಮಡಿಸಿದಳು. “ನೀನು ಎರಡು ಸಲ ಹೋಗಿ ಬಂದೆ. ಮೀನು ತಿಂದೆ, ಬನ್ನು ತಿಂದೆ. ನನ್ನ ದಿನಾನ ನೀನೇ ಸುತ್ತಿ ಮುಗಿಸ್ತಿದೀಯ ಕಣೆ.”

ಗಲಾಟೆ ಕೇಳಿ ರೇಡಿಯೋ ಮೇಲಿನಿಂದಲೇ ಕೂಗಿದಳು, “ಅಕ್ಕಾ, ನಾನು ಕರ್ಕೊಂಡು ಹೋಗ್ಲಾ?” ನಾನು ಮೆಟ್ಟಿಲ ಬುಡಕ್ಕೆ ಹೋಗಿ, “ಬೀಳಿಸಿದ್ರೆ ಹೊಣೆ ಯಾರು, ನೀವಾ?” ಎಂದು ಕೇಳಿ ಬಾಗಿಲು ಹಾಕಿದೆ.

ನಾನು ತಪ್ಪೇನು ಮಾಡಿದೆ? ಸುತ್ತಾಡುವುದು ನನಗೇನು ಖುಷಿಯೇ? ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಬಿಟ್ಟು ನನಗೆ ಇನ್ನೇನು ಮಾಡಲು ಬರುತ್ತದೆ? ಗಡ್ಡೆಯ ಮೇಲೆ ನನ್ನ ಅಧಿಕಾರ ನಡೆಯುವುದಿಲ್ಲ. ಆಸ್ಪತ್ರೆಯ ತಾರೀಖಿನ ಮೇಲೆ ನಡೆಯುವುದಿಲ್ಲ. ನೆಲವಾದರೂ ನೋಡುತ್ತೇನೆ.

ಮಾರ್ಚ್ 18, ಮಂಗಳವಾರ

ಇಬ್ಬರೂ ಹೆಚ್ಚು ಮಾತಾಡುತ್ತಿಲ್ಲ. ಅಕ್ಕನಿಗೆ ನೋವು ಜಾಸ್ತಿ.

ಮಾರ್ಚ್ 20, ಗುರುವಾರ

ಆಸ್ಪತ್ರೆಯಿಂದ ಫೋನು. ಯಾರದೋ ಆಪರೇಷನ್ ಮುಂದಕ್ಕೆ ಹೋಗಿದೆಯಂತೆ, ಅಕ್ಕನದು 27ರ ಬದಲು 25ಕ್ಕೆ. ಸೋಮವಾರವೇ ಬಂದು ಸೇರಬೇಕು. ಒಳ್ಳೆಯ ಸುದ್ದಿ ಎನ್ನುವ ದನಿಯಲ್ಲಿ ಹೇಳಿದಳು ಆ ಹುಡುಗಿ. ನಾನೂ ಥ್ಯಾಂಕ್ಸ್ ಎಂದೆ.

ಉಳಿದಿರುವುದು ಒಂದೇ ಭಾನುವಾರ. ಶನಿವಾರ ಮತ್ತೊಂದು ಖಾಲಿ ಓಟ. ನಿಯಮದ ಪ್ರಕಾರ ಅದು ಮೂರನೆಯದಲ್ಲ, ಮತ್ತೆ ಒಂದನೆಯದು, ಆದರೆ ನಿಯಮವನ್ನು ಇಷ್ಟು ಸಡಿಲಿಸಲೇಬೇಕು. ಅಕ್ಕನಿಗೆ ಹೇಳಿದೆ. “ಆಯ್ತು, ಹೋಗಿ ಬಾ” ಎಂದಳು. ಅಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ನನಗೇ ಆಶ್ಚರ್ಯವಾಯಿತು. ಕೊನೆಗೂ ಅರ್ಥಮಾಡಿಕೊಂಡಳು.

ಮಾರ್ಚ್ 22, ಶನಿವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಒಂಬತ್ತಕ್ಕೆ ಹೊರಟೆ. ಅಕ್ಕ ಹಾಸಿಗೆಯಿಂದಲೇ, “ಅವಸರ ಮಾಡಬೇಡ, ನಿಧಾನಕ್ಕೆ ಎಲ್ಲಾ ನೋಡ್ಕೊಂಡು ಬಾ” ಎಂದಳು. ಗುಂಡಿ ಓಣಿಯ ಅಂಗಡಿಗಳ ಹೊಸ್ತಿಲಿನ ಎತ್ತರ ಅಳೆದೆ. ಬೆಂಚಿಗೆ ಯಾರೋ ಇಟ್ಟಿಗೆ ಆನಿಸಿದ್ದಾರೆ, ಕೂತು ನೋಡಿದೆ, ಅಲುಗಲಿಲ್ಲ. ಹತ್ತೂ ಇಪ್ಪತ್ತೈದಕ್ಕೆ ಓಣಿಯ ಬಾಯಲ್ಲಿ ಒಂದು ಟ್ಯಾಕ್ಸಿ ನಿಂತಿತು. ಮೊದಲು ಕೇಳಿಸಿದ್ದು ರೇಡಿಯೋಳ ದನಿ. ಆಮೇಲೆ ಒಂದು ಕೋಲು ಹೊರಗೆ ಬಂತು. ಆಮೇಲೆ ಅಕ್ಕ.

ಕೂಗಲು ಬಾಯಿ ತೆರೆದೆ. ಕೂಗಿದರೆ ಥಟ್ಟನೆ ತಿರುಗುತ್ತಾಳೆ, ತಿರುಗಿದರೆ ಬೀಳುತ್ತಾಳೆ. ಬಾಯಿ ಮುಚ್ಚಿದೆ. ಓಡಿ ಹೋಗಿ ಮುಂದೆ ನಿಂತರೆ? ಅದನ್ನೂ ಯೋಚಿಸಿದೆ. ಸ್ಟಾಪ್‌ವಾಚು ಹಿಡಿದುಕೊಂಡು ಅವಳ ಮುಂದೆ ನಿಂತು ಏನೆಂದು ಹೇಳಲಿ? ದಾರದುಂಡೆಯ ಅಂಗಡಿಯ ಕಂಬದ ಹಿಂದೆ ಕಳ್ಳಿಯ ಹಾಗೆ ಅವಿತುಕೊಂಡೆ. ಅವರು ಮುಂದೆ ಹೋದ ಮೇಲೆ ನಲವತ್ತು ಹೆಜ್ಜೆ ಬಿಟ್ಟು ಹಿಂದೆ ನಡೆದೆ.

ಓಣಿ ಮುಗಿಯಿತು. ಇನ್ನು ವಾಪಸು ತಿರುಗುತ್ತಾರೆ ಎಂದುಕೊಂಡೆ. ಸೇತುವೆಯ ಕಡೆ ತಿರುಗಿದರು. ಅಗೆದ ಜಾಗದಲ್ಲಿ ಮಣ್ಣಿನ ಗುಡ್ಡೆ ಹಾಗೇ ಇತ್ತು. ಗುಂಡಿಯೊಳಗಿದ್ದವನು ಮೇಲೆ ಹತ್ತಿ ಬಂದ, ನಾನು ಶಾಪ ಹಾಕಿದ್ದೆನಲ್ಲ, ಅವನೇ. ಹಲಗೆಯನ್ನು ಕಾಲಿನಿಂದ ಒತ್ತಿ ಹಿಡಿದು ಅಕ್ಕನಿಗೆ ಕೈ ಕೊಟ್ಟು ದಾಟಿಸಿದ. ಎಡಗಾಲು ಹಲಗೆಯ ಅಂಚಿನಿಂದ ಎರಡೇ ಬೆರಳು ದೂರ ಬಿತ್ತು.

ಮೆಟ್ಟಿಲು. ಒಂದು, ಎರಡು, ಮೂರು. ಕಂಬಿ ಎಡಗೈಯಲ್ಲಿ ಹಿಡಿಯಲಿಲ್ಲ, ಬಲಗೈಯಲ್ಲೂ ಹಿಡಿಯಲಿಲ್ಲ. ಕೋಲನ್ನು ರೇಡಿಯೋಗೆ ಕೊಟ್ಟು ಅವಳ ಭುಜ ಹಿಡಿದುಕೊಂಡಳು. ಹದಿನಾಲ್ಕನೆಯ ಮೆಟ್ಟಿಲಲ್ಲಿ ಎಡಗಾಲು ಜಾರಿತು. ಜೀವ ಬಾಯಿಗೆ ಬಂತು ಎನ್ನುತ್ತಾರಲ್ಲ, ಅದು ನಿಜ, ನಾಲಿಗೆಗೆ ತುಕ್ಕಿನ ರುಚಿ ಬಂತು. ನಲವತ್ತು ಹೆಜ್ಜೆ ದೂರದಲ್ಲಿ ನನ್ನ ಎರಡೂ ಕೈ ತಾವಾಗಿಯೇ ಮುಂದೆ ಚಾಚಿಕೊಂಡಿದ್ದವು. ಯಾವ ಪ್ರಯೋಜನಕ್ಕೆ? ರೇಡಿಯೋ ಅವಳ ಸೊಂಟ ಹಿಡಿದಳು. ಇಬ್ಬರೂ ಅಲ್ಲೇ ಕುಸಿದು ಮೆಟ್ಟಿಲ ಮೇಲೆ ಕೂತರು. ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು.

ಎದ್ದು ಉಳಿದ ಎಂಟು ಹತ್ತಿದರು. ಸೇತುವೆಯ ನಡುವೆ ನಿಂತರು. ಆಚೆ ಇಳಿದು ಒಂದು ಅಂಗಡಿಗೆ ಹೋಗಿ ರಟ್ಟಿನ ಡಬ್ಬದ ಜೊತೆ ಹೊರಬಂದರು, ಡಬ್ಬ ರೇಡಿಯೋಳ ತಲೆಯ ಮೇಲೆ. ತಿಂಡಿ ಸಾಲಿನಲ್ಲಿ ನಿಂತುಕೊಂಡೇ ಏನೋ ತಿಂದರು. ಅಲ್ಲಿಂದ ಟ್ಯಾಕ್ಸಿ ಹತ್ತಿದರು. ಸ್ಟಾಪ್‌ವಾಚು ನೋಡಿದೆ, ಓಣಿಯಿಂದ ಇಲ್ಲಿಗೆ ಒಂದು ಗಂಟೆ ನಲವತ್ತಾರು ನಿಮಿಷ. ಇಷ್ಟು ದಾರಿಗೆ ನಾನು ಮೊದಲು ಹಾಕಿದ್ದ ಲೆಕ್ಕಕ್ಕಿಂತ ನಾಲ್ಕು ನಿಮಿಷ ಕಡಿಮೆ.

ಮನೆಗೆ ಬರುವಾಗ ಬೇಕೆಂದೇ ತಡಮಾಡಿದೆ. ಅಕ್ಕ ಹಾಸಿಗೆಯಲ್ಲಿ ಮಲಗಿದ್ದಳು, ಬೆಳಗ್ಗೆ ಬಿಟ್ಟು ಹೋದ ಹಾಗೆಯೇ. “ದಾರಿ ಹೇಗಿದೆ?” ಎಂದಳು.

“ಪರವಾಗಿಲ್ಲ” ಎಂದೆ. “ಹುಷಾರಾಗಿ ಹೋದ್ರೆ ಹೋಗಬಹುದು.”

ಹೊಟ್ಟೆಕಿಚ್ಚು. ಇದಕ್ಕೆ ಬೇರೆ ಹೆಸರಿಲ್ಲ. ಬೀಳಲಿಲ್ಲ ಎಂದು ಸಂತೋಷಪಡಬೇಕಾದವಳು ನಾನು. ನನ್ನ ಜೊತೆ ಬಾರದವಳು ಅವಳ ಜೊತೆ ಹೋದಳಲ್ಲ ಎಂದು ಸಂಜೆಯೆಲ್ಲ ಉರಿದೆ.

ಮಾರ್ಚ್ 23, ಭಾನುವಾರ

ಇವತ್ತೇ ಆ ದಿನ. ನೀರು, ಕಾಲಿಗೆ ಕಟ್ಟುವ ಬಟ್ಟೆಪಟ್ಟಿ, ಮಡಚುವ ಸ್ಟೂಲು ಎಲ್ಲ ಚೀಲಕ್ಕೆ ತುಂಬಿದೆ. ಅಕ್ಕ ಏಳಲಿಲ್ಲ.

“ಇವತ್ತು ಕಾಲು ತುಂಬಾ ಎಳೀತಿದೆ ಕಣೆ. ಬೇಡ.”

ಯಾಕೆ ಎಳೆಯುತ್ತಿದೆ ಎಂದು ನನಗೆ ಗೊತ್ತು. ಗೊತ್ತಿದೆ ಎಂದು ಹೇಳಲು ನಾಲಿಗೆ ತುದಿಗೆ ಬಂತು. ಅವಳು ನನ್ನ ಚೀಲವನ್ನೇ ನೋಡುತ್ತಿದ್ದಳು, ತಪ್ಪು ಮಾಡಿದವಳ ಹಾಗೆ. ಚೀಲದಿಂದ ಒಂದೊಂದೇ ತೆಗೆದು ಹೊರಗಿಟ್ಟೆ.

ಮಧ್ಯಾಹ್ನ ಅವಳೇ ಕೇಳಿದಳು, “ಆ ಪಟ್ಟಿ ಓದು, ಮೊಟ್ಟಮೊದಲು ಬರೆದಿದ್ಯಲ್ಲ, ಅದು.”

ಓದಿದೆ. ಒಂಬತ್ತು ಹತ್ತಕ್ಕೆ ಮನೆ. ಒಂಬತ್ತು ಮೂವತ್ತೈದಕ್ಕೆ ಬಟ್ಟೆ ಬೀದಿ, ಕೂರುವುದು ಐದು ನಿಮಿಷ. ಹತ್ತು ಐದಕ್ಕೆ ಗುಂಡಿ ಓಣಿ. ತಲೆ ಎತ್ತಿ ನೋಡಿದರೆ ನಿದ್ದೆ ಹೋಗಿದ್ದಳು. ಎಲ್ಲಿ ನಿಲ್ಲಿಸುವುದೆಂದು ತಿಳಿಯದೆ ಕೊನೆಯವರೆಗೂ ಓದಿದೆ.

ಮಾರ್ಚ್ 24, ಸೋಮವಾರ

ವಾರ್ಡಿನಲ್ಲಿ ಆರು ಮಂಚ, ಅಕ್ಕನದು ಕಿಟಕಿಯ ಪಕ್ಕ. ಬೆಳಗ್ಗೆ ಸೇರಿಸಿ, ಕಾಗದಗಳಿಗೆ ಸಹಿ ಹಾಕಿ ಹೊರಗೆ ಬಂದೆ. ನೋಡಲು ಬಿಡುವುದು ಸಂಜೆ ನಾಲ್ಕರಿಂದ ಆರು. ನಾಳೆ ಬೆಳಗ್ಗೆ ಆರಕ್ಕೇ ಒಳಗೆ ಕರೆದುಕೊಂಡು ಹೋಗುತ್ತಾರೆ, ಆಮೇಲೆ ನೋಡುವುದೇನಿದ್ದರೂ ಎಲ್ಲ ಮುಗಿದ ಮೇಲೆ.

ನಾಲ್ಕಕ್ಕೆ ಒಂದು ನಿಮಿಷ ಇರುವಾಗ ಬಾಗಿಲಲ್ಲಿದ್ದೆ. ಅಕ್ಕ ಹೊದಿಕೆ ಎದೆಯವರೆಗೆ ಎಳೆದುಕೊಂಡು ಒರಗಿದ್ದಳು. “ನರ್ಸು ಬಂದು ಕಾಲಿನ ಮೇಲೆ ಪೆನ್ನಲ್ಲಿ ಗೆರೆ ಎಳೆದು ಹೋದ್ಲು. ತಪ್ಪು ಕಾಲು ತೆಗೀಬಾರದಲ್ಲ. ಅದೂ ವಕ್ರ. ನಾನು ಸೀಮೆಸುಣ್ಣದಲ್ಲಿ ಇದಕ್ಕಿಂತ ನೆಟ್ಟಗೆ ಎಳೀತಿದ್ದೆ.”

ನಗಲು ಹೋದೆ, ಆಗಲಿಲ್ಲ. ಯಾಕೋ ಮಾತು ತಾನಾಗಿ ಬಂತು. “ಶನಿವಾರ ನಿನ್ನ ನೋಡಿದೆ.”

ಪಕ್ಕದ ಮಂಚದವರು ಕಿತ್ತಳೆ ಸುಲಿಯುತ್ತಿದ್ದರು.

“ಎಲ್ಲೀತನಕ?”

“ಕೊನೇತನಕ. ಹಿಂದೇನೇ ಇದ್ದೆ.”

“ಬೈಯಬೇಕು ಅನ್ನಿಸಲಿಲ್ವಾ?”

“ನನ್ನ ಜೊತೆ ಬರಬಹುದಿತ್ತು” ಎಂದೆ. ನಲವತ್ತಾರು ವರ್ಷದವಳ ದನಿ ಒಂಬತ್ತರವಳ ದನಿಯಾಗಿ ಬಂತು.

ಅಕ್ಕ ನನ್ನ ಕೈ ಹಿಡಿದುಕೊಂಡಳು. “ನಿನ್ನ ಜೊತೆ ಬಂದಿದ್ರೆ ದಿನವೆಲ್ಲಾ ನಾನು ಕಾಲೇ ಆಗಿರ್ತಿದ್ದೆ ಕಣೆ. ನೀನು ನೋಡೋದೂ ಅದನ್ನೇ, ಕೇಳೋದೂ ಅದನ್ನೇ. ಅವಳಿಗೆ ಅವಳ ಮಾತು ಮುಗಿದ್ರೆ ತಾನೇ ನನ್ನ ಕಾಲು ನೆನಪಾಗೋದು! ಸ್ವಲ್ಪ ಹೊತ್ತು ನನಗೂ ಮರೆತುಹೋಗಿತ್ತು.”

ಸಿಟ್ಟು ಬರಬೇಕಿತ್ತು. ಉತ್ತರ ಹೇಳಲು ಶನಿವಾರವನ್ನು ನೆನಪಿಸಿಕೊಂಡೆ. ಹಲಗೆಯ ಅಂಚು ಕಂಡಿತು. ಹದಿನಾಲ್ಕನೆಯ ಮೆಟ್ಟಿಲು ಕಂಡಿತು. ಎಡಗಾಲು ಎಲ್ಲೆಲ್ಲಿ ಬಿತ್ತೆಂದು ಹೆಜ್ಜೆ ಹೆಜ್ಜೆಗೂ ಹೇಳಬಲ್ಲೆ. ಅಕ್ಕ ಏನು ತಿಂದಳೆಂದು ಗೊತ್ತಿಲ್ಲ. ಸೇತುವೆಯ ಮೇಲೆ ನಿಂತಾಗ ಅವಳ ಮುಖ ಹೇಗಿತ್ತೆಂದು ಗೊತ್ತಿಲ್ಲ. ಒಂದು ಗಂಟೆ ನಲವತ್ತಾರು ನಿಮಿಷದಲ್ಲಿ ಒಂದು ಸಲವೂ ಅದನ್ನು ನೋಡಿರಲಿಲ್ಲ.

“ಹೇಳು” ಎಂದೆ. “ಏನೇನು ತಿಂದೆ? ಮೀನು ಹೇಗಿತ್ತು?”

“ಮೀನೆಲ್ಲಿ, ಖಾಲಿಯಾಗಿತ್ತು! ಏನೋ ಸೊಪ್ಪು ಕರಿದು ಕೊಟ್ಟ, ಅಷ್ಟು ಉಪ್ಪು ಯಾರಾದ್ರೂ ಹಾಕ್ತಾರಾ?” ಎಂದು ಶುರುಮಾಡಿದಳು. ಸೊಪ್ಪಿನ ಅಂಗಡಿಯವನಿಗೆ ರೇಡಿಯೋ ಅಲ್ಲೇ ನಿಂತು ಹೆಣ್ಣು ಗೊತ್ತುಮಾಡಲು ಹೊರಟಿದ್ದು, ಗಾಜಿನ ಗುಂಡಿಗಳಲ್ಲಿ ಒಂದನ್ನು ಯಾವುದೋ ಮಗು ಬಾಯಿಗೆ ಹಾಕಿಕೊಂಡದ್ದು, ಅಂಗಡಿಯವನು ಹೌಹಾರಿದ್ದು. ನೀರಿನಲ್ಲಿ ಒಂದು ಟೋಪಿ ತೇಲಿ ಹೋಯಿತಂತೆ, ಯಾರದೆಂದು ಇಬ್ಬರೂ ಕಥೆ ಕಟ್ಟಿದರಂತೆ.

“ಆ ಡಬ್ಬದಲ್ಲಿ ಏನಿತ್ತು?”

“ಮೋಟಾರು. ಮಿಷನ್ನಿಗೆ ಹಾಕೋದು. ತುಳಿಯೋದೇ ಬೇಡ, ಒಂದು ಕಾಲಲ್ಲಿ ಒತ್ತಿದ್ರೆ ಸಾಕು, ಓಡುತ್ತೆ. ಅವಳ ಮನೇಲಿ ಇಟ್ಟಿದೀವಿ. ಜೂನಿಗೆ ಸ್ಕೂಲು ಶುರುವಾಗುತ್ತಲ್ಲ, ಬಟ್ಟೆ ಬರುತ್ತೆ.” ಮೋಟಾರಿನ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದಳು. ಕೆನ್ನೆ ಉಬ್ಬಿಸಿ, ಕಣ್ಣು ಅರಳಿಸಿ. ಪಕ್ಕದ ಮಂಚದವರೂ ನಕ್ಕು ಎರಡು ತೊಳೆ ಕಿತ್ತಳೆ ಕೊಟ್ಟರು. ಅಕ್ಕನ ಎಡಗೆನ್ನೆಯಲ್ಲಿ ನಕ್ಕಾಗ ಮಾತ್ರ ಬೀಳುವ ಗೆರೆ ಯಾವಾಗ ಅಷ್ಟು ಆಳವಾಯಿತೋ. ಹೇಳುತ್ತಲೇ ಇದ್ದಳು, ಕೇಳುತ್ತಲೇ ಇದ್ದೆ. ಗಂಟೆ ಬಾರಿಸಿದಾಗ ನನಗೆ ನಂಬಿಕೆಯೇ ಬರಲಿಲ್ಲ, ಕೈಗಡಿಯಾರ ನೋಡಿಕೊಂಡೆ. ಆರು.

ಎರಡು ಮಹಡಿ ಇಳಿದು ಹೊರಬಾಗಿಲು ದಾಟಿದ ಮೇಲೆ ನೆನಪಾಯಿತು. ಇವತ್ತು ಕಾಲು ನೋಡಲೇ ಇಲ್ಲ. ಇಷ್ಟು ದಿನ ಅದನ್ನು ಬಿಟ್ಟು ಬೇರೇನೂ ನೋಡದವಳು ಕೊನೆಯ ದಿನ ಹೊದಿಕೆ ಸರಿಸಿ ಒಮ್ಮೆ ಮುಟ್ಟಲೂ ಇಲ್ಲ. ಎಂಥ ಮರೆವು ನನ್ನದು. ತಿರುಗಿ ಓಡಿದೆ. ಕಾವಲಿನವನು ಬಾಗಿಲು ಹಾಕುತ್ತಿದ್ದ.

“ಏನಾದ್ರೂ ಬಿಟ್ಟು ಬಂದ್ರಾ ಮೇಡಂ?”

“ಒಂದು ನಿಮಿಷ ನೋಡಿ ಬರ್ತೀನಿ. ಒಂದೇ ನಿಮಿಷ.”

“ಟೈಮಾಯ್ತು. ನಾಳೆ ಬನ್ನಿ, ನಾಳೆ ನೋಡೀರಂತೆ” ಎಂದ, ಒಳ್ಳೆಯ ಮಾತಿನಲ್ಲೇ. ನಾಳೆ ಅದು ಇರುವುದಿಲ್ಲ ಎಂದು ಅವನಿಗೆ ಹೇಗೆ ಹೇಳುವುದು?